ಹೃದಯ ಓದಲು ಬಂದ ಹಡಗಿನ ಇಂಜಿನಿಯರ್

ಮೊದಲ ದಿನ ಅವರು ತರಗತಿಯೊಳಗೆ ಬಂದಾಗ ನಾವು ಆರೂ ಜನ ಎದ್ದು ನಿಂತೆವು. ನರೆತ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ದಪ್ಪ ರಿಜಿಸ್ಟರು. ಪ್ರೊಫೆಸರ್ ಅಲ್ಲದೆ ಇನ್ಯಾರು? ಅವರು ಬಾಗಿಲಲ್ಲೇ ನಿಂತು, ಹಿಂದೆ ಯಾರೋ ದೊಡ್ಡವರು ಬರುತ್ತಿರಬೇಕೆಂದು ಒಮ್ಮೆ ಹೊರಳಿ ನೋಡಿದರು. ಯಾರೂ ಇರಲಿಲ್ಲ. ನೇರ ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ತಾನೂ ನಮ್ಮ ಜೊತೆಯ ವಿದ್ಯಾರ್ಥಿಯೇ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರಿಗೆ ಆಗ ಐವತ್ತನಾಲ್ಕು. ನನಗೆ ಇಪ್ಪತ್ಮೂರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದರೆ “ಅದೆಲ್ಲ ಎಂತಕ್ಕೆ ಮಾರಾಯ್ತಿ” ಎನ್ನುತ್ತಿದ್ದರು. ಬಂಗಾಳಿ ಸಹಪಾಠಿಗಳು ಅವರನ್ನು ‘ಕಾಕು’ ಎಂದು ಕರೆಯುತ್ತಿದ್ದರು, ಅಂದರೆ ಚಿಕ್ಕಪ್ಪ. ಧಾರವಾಡದ ಕಡೆಯವಳಾದ ನನಗೆ ‘ಕಾಕಾ’ ಅನ್ನುವುದು ಹುಟ್ಟಿನಿಂದಲೇ ಬಂದದ್ದು. ಹೀಗಾಗಿ ಇಡೀ ವಿಭಾಗಕ್ಕೆ ಅವರು ಯಾವ ತಕರಾರೂ ಇಲ್ಲದೆ ಚಿಕ್ಕಪ್ಪನಾದರು.

ಕೋಲ್ಕತ್ತಾದ ಸಾಲ್ಟ್‌ಲೇಕಿನ ಸೆಕ್ಟರ್ ಫೈವ್‌ನಲ್ಲಿ ನೋಡನೋಡುತ್ತಲೇ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಂಪ್ಯೂಟರು ಮುಟ್ಟಿದವರಿಗೆಲ್ಲ ಕೆಲಸ ಸಿಗುತ್ತಿತ್ತು. ಅಂಥ ಹೊತ್ತಿನಲ್ಲಿ ನಮ್ಮ ವಿಶ್ವವಿದ್ಯಾಲಯ ಹೃದಯ ಮತ್ತು ರಕ್ತನಾಳಗಳ ವಿಜ್ಞಾನದಲ್ಲಿ ಒಂದು ಹೊಸ ಸಂಶೋಧನಾ ಕೋರ್ಸು ತೆರೆದಿತ್ತು. ಅದನ್ನು ಕಟ್ಟಿದ ಮೇಡಂ ಶರೀರಶಾಸ್ತ್ರದವರು. ಹೃದಯವನ್ನು ಒಂದೇ ವಿಭಾಗದವರು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ ಎಂಬುದು ಅವರ ವಾದ. ಆದ್ದರಿಂದ ಡಾಕ್ಟರು, ಇಂಜಿನಿಯರು, ಭೌತಶಾಸ್ತ್ರದವರು, ಪ್ರಾಣಿಶಾಸ್ತ್ರದವರು ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರು. ನಾನು ಎಲೆಕ್ಟ್ರಾನಿಕ್ಸ್ ಓದಿದವಳು. ಅಪ್ಪನಿಗೆ ಕೇಂದ್ರ ಸರ್ಕಾರದ ನೌಕರಿ, ಕೋಲ್ಕತ್ತಾಕ್ಕೆ ವರ್ಗವಾಗಿತ್ತು, ನಾನೂ ಮನೆಯ ಸಾಮಾನಿನ ಜೊತೆ ಬಂದಿದ್ದೆ.

ಕಾಕಾ ಉಡುಪಿ ಕಡೆಯವರು. ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದು, ಆಮೇಲೆ ಖಿದಿರ್‌ಪುರದ ಬಂದರಿನ ಡಾಕಿನಲ್ಲಿ ಹಡಗು ರಿಪೇರಿ ಮಾಡಿಸುತ್ತ ಅಲ್ಲೇ ನೆಲೆಸಿದ್ದರು. ಪ್ರವೇಶದ ದಿನ ಕಚೇರಿಯ ಗುಮಾಸ್ತ ಅವರ ಅರ್ಜಿ ನೋಡಿ, ವಯಸ್ಸು ಮೀರಿದೆ ಎಂದನಂತೆ. ಇವರು ನಿಯಮಾವಳಿ ಕೇಳಿ ಪಡೆದು, ಅಲ್ಲೇ ಬೆಂಚಿನ ಮೇಲೆ ಕೂತು ಪೂರ್ತಿ ಓದಿ, “ವಯಸ್ಸಿನ ಮಿತಿ ಯಾವ ಪುಟದಲ್ಲಿ ಉಂಟು ತೋರಿಸಿ” ಎಂದರಂತೆ. ಯಾವ ಪುಟದಲ್ಲೂ ಇರಲಿಲ್ಲ. ಐವತ್ತು ದಾಟಿದವನೊಬ್ಬ ಬಂದಾನೆಂದು ನಿಯಮ ಬರೆದವರಿಗೆ ಹೊಳೆದೇ ಇರಲಿಲ್ಲ.

“ಈ ವಯಸ್ಸಿನಾಗ ಯಾಕ್ರೀ ಕಾಕಾ ಇದೆಲ್ಲಾ?” ಎಂದು ನಾನು ಮೊದಲ ವಾರವೇ ಕೇಳಿದ್ದೆ.

“ಮನೆಯಲ್ಲಿ ಕೂತರೆ ಹೆಂಡತಿ ತೆಂಗಿನಕಾಯಿ ಹೆರೆಯಲಿಕ್ಕೆ ಹೇಳ್ತಾಳೆ” ಎಂದರು. ನಮ್ಮ ತರಗತಿಯಲ್ಲಿದ್ದ ಡಾಕ್ಟರು ಕೇಳಿದಾಗ, ಹಡಗಿನ ಪಂಪು ಹತ್ತು ವರ್ಷಕ್ಕೆ ಕೆಡುತ್ತದೆ, ಈ ಪಂಪು ಎಂಬತ್ತು ವರ್ಷ ಹೇಗೆ ಓಡುತ್ತದೆ ನೋಡಬೇಕು ಎಂದರು. ಮೇಡಂ ಕೇಳಿದಾಗ ಇನ್ನೇನೋ ಹೇಳಿದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಎಲ್ಲವೂ ನಗು ಬರಿಸುವಂಥವೇ ಆದ್ದರಿಂದ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಜೀವಶಾಸ್ತ್ರದ ಪದಗಳು ಅವರಿಗೆ ಬೇಗ ಹತ್ತಲಿಲ್ಲ. ಪುಸ್ತಕದಲ್ಲಿದ್ದುದನ್ನೆಲ್ಲ ಹಡಗಿನ ಭಾಷೆಗೆ ಇಳಿಸಿಕೊಂಡು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಎಡ ಹೃತ್ಕುಕ್ಷಿ ಅವರಿಗೆ ‘ಮೇನ್ ಪಂಪು’. ಶ್ವಾಸಕೋಶ ‘ಏರ್ ಕೂಲರ್’. ಪರೀಕ್ಷೆಯಲ್ಲೂ ಒಮ್ಮೆ ಹಾಗೇ ಬರೆದು ಬಂದರು. ಮೇಡಂ ಉತ್ತರಪತ್ರಿಕೆಯ ಮೇಲೆ “ವಿಷಯ ಸರಿ, ಹಡಗು ಬೇರೆ” ಎಂದು ಬರೆದು ಅಂಕ ಕೊಟ್ಟರು.

ಆದರೆ ಸ್ಟೆತಸ್ಕೋಪ್ ಕೈಗೆ ಬಂದ ದಿನ ಆಟ ತಿರುಗಿತು. ಪಕ್ಕದ ಆಸ್ಪತ್ರೆಯ ಹೃದ್ರೋಗ ತಜ್ಞರು ನಮ್ಮನ್ನೆಲ್ಲ ವಾರ್ಡಿಗೆ ಕರೆದೊಯ್ದು, ಒಬ್ಬ ಹೆಂಗಸಿನ ಎದೆ ಕೇಳಿಸಿ, ಏನು ಕೇಳಿತು ಎಂದು ಕೇಳಿದರು. ನನಗೆ ಕೇಳಿದ್ದು ಫ್ಯಾನಿನ ಸದ್ದು. ನಮ್ಮ ಜೊತೆಗಿದ್ದ ಎಂಬಿಬಿಎಸ್ ಡಾಕ್ಟರು, ನನಗಿಂತ ಮೂರು ವರ್ಷ ದೊಡ್ಡವನಾದ ಬಂಗಾಳಿ ಹುಡುಗ, ಏನೋ ಇದೆ ಎಂದು ತಡವರಿಸಿದ. ಕಾಕಾ ಕಣ್ಣುಮುಚ್ಚಿ ಎಷ್ಟು ಹೊತ್ತು ಕೇಳಿದರೆಂದರೆ ಆ ಹೆಂಗಸು ಗಾಬರಿಯಾಗಿ ನರ್ಸಿನ ಮುಖ ನೋಡತೊಡಗಿದಳು. ಕೊನೆಗೆ ಎದ್ದು, “ಒಂದು ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಒತ್ತುವಾಗ ಹಿಂದಕ್ಕೆ ಸೋರುತ್ತದೆ. ಮೇಲಿನದಲ್ಲ, ನಡುವಿನದು” ಎಂದರು. ತಜ್ಞರು ಇವರನ್ನೇ ನೋಡಿ, ಯಾವ ಕಾಲೇಜಿನ ವೈದ್ಯರು ನೀವು ಎಂದು ಕೇಳಿದರು.

ಇಂಜಿನ್ ಕೋಣೆಯಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳುವುದು ಅವರ ಇಪ್ಪತ್ತೆರಡು ವರ್ಷದ ಅಭ್ಯಾಸವಾಗಿತ್ತು. ಅದೇ ಕಿವಿ ಇಲ್ಲೂ ನಡೆಯಿತು.

ಒಂದು ವರ್ಷ ಕಳೆಯುವಷ್ಟರಲ್ಲಿ ನಮ್ಮ ತರಗತಿ ಕರಗಿತು. ಇಬ್ಬರು ಸೆಕ್ಟರ್ ಫೈವ್‌ಗೆ ಹೋದರು. ಒಬ್ಬ ಜೋಕಾದ ಮ್ಯಾನೇಜ್‌ಮೆಂಟ್ ಸಂಸ್ಥೆಗೆ ಸೇರಿದ. ಒಬ್ಬಳು ಮದುವೆಯಾಗಿ ಪುಣೆಗೆ ಹೋದಳು. ಉಳಿದವರು ಡಾಕ್ಟರು, ಕಾಕಾ ಮತ್ತು ನಾನು. ಮೇಡಂ ನಮ್ಮ ಮೂವರಿಗೂ ಒಂದೇ ಕೆಲಸ ಹಂಚಿದರು: ಸೋರುವ ಕವಾಟವನ್ನು ಬರೀ ಶಬ್ದದಿಂದ ಕಂಡುಹಿಡಿಯುವ ಅಗ್ಗದ ಸಾಧನ. ಡಾಕ್ಟರಿಲ್ಲದ ಊರಿನಲ್ಲೂ ಬಳಸುವಂತಿರಬೇಕು. ಕವಾಟ ಡಾಕ್ಟರದ್ದು, ಪಂಪು ಕಾಕಾರದ್ದು, ಶಬ್ದವನ್ನು ಅಳೆದು ತೀರ್ಪು ಹೇಳುವ ಕಂಪ್ಯೂಟರ್ ಪ್ರೋಗ್ರಾಂ ನನ್ನದು.

ಕಾಕಾ ಡಾಕಿನ ಗುಜರಿಯಿಂದ ಒಂದು ಪಂಪು ಹೊತ್ತು ತಂದರು. ಪಾರದರ್ಶಕ ಕೊಳವೆ, ಒತ್ತಡದ ಮೀಟರು, ತಾವೇ ಕಡೆಸಿದ ಹಿತ್ತಾಳೆಯ ಬಳೆಗಳು ಸೇರಿಸಿ ಮೇಜಿನ ಮೇಲೊಂದು ಹೃದಯ ಕಟ್ಟಿದರು. ರಕ್ತದ ಬದಲು ನೀರಿಗೆ ಗ್ಲಿಸರಿನ್ ಬೆರೆಸಿ ಹರಿಸುತ್ತಿದ್ದೆವು. ಮೊದಲ ತಿಂಗಳು ಅದು ಎಲ್ಲ ಕಡೆಯಿಂದಲೂ ಸೋರುತ್ತಿತ್ತು. ನೆಲವೆಲ್ಲ ಅಂಟಂಟು. ಡಾಕ್ಟರು ಎರಡು ಸಲ ಜಾರಿ ಬಿದ್ದ.

ಕವಾಟಕ್ಕೆ ಮೇಕೆಯ ಹೃದಯ ಬೇಕಿತ್ತು. ಖಿದಿರ್‌ಪುರದ ಒಬ್ಬ ಕಟುಕ ಕಾಕಾರಿಗೆ ಪರಿಚಯ. ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರದ ನಾನು, ಶುಕ್ರವಾರ ಬೆಳಿಗ್ಗೆ ಅವರ ಜೊತೆ ಹೋಗಿ ಆರು ಹೃದಯಗಳನ್ನು ಎಣಿಸಿ ತರುವವಳಾದೆ. ಒಂದು ದಿನ ಬಸ್ಸಿನಲ್ಲಿ ಚೀಲ ತೊಟ್ಟಿಕ್ಕತೊಡಗಿತು. ಕಂಡಕ್ಟರ್ ಬಂದು, “ದಿದಿ, ಚೀಲದಲ್ಲೇನು?” ಎಂದ. ನನಗೆ ಬಂಗಾಳಿ ಅಷ್ಟಕ್ಕಷ್ಟೇ. ಹಿಂದಿಯಲ್ಲಿ “ದಿಲ್” ಎಂದೆ. ಇಡೀ ಬಸ್ಸು ನಕ್ಕಿತು. ಕಾಕಾ ಶುದ್ಧ ಬಂಗಾಳಿಯಲ್ಲಿ ವಿಷಯ ವಿವರಿಸಿದರು. ಮುಂದಿನ ಮೂರು ಸ್ಟಾಪಿನ ತನಕ ಪ್ರಯಾಣಿಕರೆಲ್ಲ ತಮ್ಮ ತಮ್ಮ ಎದೆನೋವು, ಬಿಪಿ, ಗ್ಯಾಸು ಹೇಳಿಕೊಂಡರು. ಇಳಿಯುವಾಗ ಒಬ್ಬ ಮುದುಕ ಕಾಕಾರ ಕೈ ಹಿಡಿದು, ಈ ಮೇಕೆಯ ಹೃದಯ ಯಾವಾಗ ಮನುಷ್ಯರಿಗೆ ಹಾಕುತ್ತೀರಿ ಎಂದು ಕೇಳಿದ.

ಮನೆಗೆ ಬಂದು ಎರಡೆರಡು ಸಲ ಸ್ನಾನ ಮಾಡುತ್ತಿದ್ದೆ. ಅವ್ವನಿಗೆ ಮಾತ್ರ “ಲ್ಯಾಬಿನ ಸಾಮಾನು” ಎಂದು ಹೇಳಿದ್ದೆ.

ಎರಡನೆಯ ವರ್ಷದ ಕೊನೆಗೆ ನಮ್ಮ ಫಲಿತಾಂಶ ಬೆಳಗಿತು. ಡಾಕ್ಟರು ಒಳ್ಳೆಯ ಕವಾಟ ಇಟ್ಟರೆ ಕಂಪ್ಯೂಟರು ‘ಸರಿ’ ಎನ್ನುತ್ತಿತ್ತು. ಅಂಚು ಕತ್ತರಿಸಿದ ಕವಾಟ ಇಟ್ಟರೆ ‘ಸೋರಿಕೆ’ ಎನ್ನುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ನನ್ನ ಲೇಖನ ಹೈದರಾಬಾದಿನ ಒಂದು ಸಮ್ಮೇಳನಕ್ಕೆ ಒಪ್ಪಿಗೆಯಾಯಿತು. ಅದೂ ಸರಿಯಾದ ಸಮಯಕ್ಕೆ, ಏಕೆಂದರೆ ಮೂರೇ ವಿದ್ಯಾರ್ಥಿಗಳಿರುವ ಕೋರ್ಸನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ವಿಶ್ವವಿದ್ಯಾಲಯ ಒಂದು ಸಮಿತಿ ಮಾಡಿತ್ತು. ಅವರ ಮುಂದೆ ನಾವು ಈ ಯಂತ್ರ ಓಡಿಸಿ ತೋರಿಸಬೇಕಿತ್ತು.

ಸಮಿತಿ ಬರಲು ಒಂದು ವಾರವಿತ್ತು. ಮಧ್ಯಾಹ್ನ ನಾನು ಊಟದ ಡಬ್ಬಿ ತೆಗೆಯುತ್ತಿದ್ದೆ. ಕಾಕಾ ಸುಮ್ಮನೆ ನನ್ನ ಹೆಡ್‌ಫೋನ್ ಹಾಕಿಕೊಂಡು, ಹಳೆಯ ಧ್ವನಿಮುದ್ರಣಗಳನ್ನು ಒಂದಾದ ಮೇಲೊಂದು ಕೇಳುತ್ತ ಕೂತಿದ್ದರು. ಊಟಕ್ಕೆ ಕರೆದರೆ ಏಳಲಿಲ್ಲ. ಅರ್ಧ ಗಂಟೆಯ ಮೇಲೆ ಹೆಡ್‌ಫೋನ್ ಕೆಳಗಿಟ್ಟರು.

“ಮಾರಾಯ್ತಿ, ನಿನ್ನ ಕಂಪ್ಯೂಟರು ವಾಲ್ವನ್ನು ಕೇಳುತ್ತಾ ಇಲ್ಲ. ನನ್ನ ಪಂಪನ್ನು ಕೇಳುತ್ತಾ ಉಂಟು.”

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಕೆಟ್ಟ ಕವಾಟ ಇಟ್ಟಾಗ ಒತ್ತಡ ಇಳಿಯುತ್ತದೆ. ಅದನ್ನು ಮೊದಲಿನ ಮಟ್ಟಕ್ಕೆ ತರಲು ಅವರು ಪ್ರತಿಸಲ ಪಂಪಿನ ವೇಗ ಏರಿಸುತ್ತಿದ್ದರು. ಹಡಗಿನ ಕೈ, ತನ್ನಷ್ಟಕ್ಕೇ ಹಾಗೆ ಮಾಡುತ್ತಿತ್ತು. ವೇಗ ಏರಿದ ಪಂಪಿನ ಸದ್ದು ತುಸು ತೆಳ್ಳಗಾಗುತ್ತದೆ. ಕಂಪ್ಯೂಟರು ಹಿಡಿದುಕೊಂಡದ್ದು ಆ ತೆಳು ಸದ್ದನ್ನು. ಅಂದರೆ ಒಂದು ವರ್ಷದ ನನ್ನ ಪ್ರೋಗ್ರಾಂ ಕಂಡುಹಿಡಿದದ್ದು ಕಾಕಾ ಗುಂಡಿ ತಿರುಗಿಸಿದ್ದಾರೆ ಎಂಬುದನ್ನು.

ತಕ್ಷಣ ಒಳ್ಳೆಯ ಕವಾಟವನ್ನೇ ಇಟ್ಟು ಪಂಪಿನ ವೇಗ ಏರಿಸಿದೆವು. ಪರದೆಯ ಮೇಲೆ ‘ಸೋರಿಕೆ’ ಎಂದು ಬಂತು.

“ಕಾಕಾ, ಈಗ್ಯಾಕ ಇದನ್ನ ತಗದ್ರಿ? ಸಮಿತಿ ಬಂದು ಹೋಗಲಿ, ಆಮ್ಯಾಲ ನೋಡೂಣಲ್ರೀ.”

“ಗೊತ್ತಾದದ್ದು ಈಗಲ್ಲವಾ? ಒಂದು ವಾರ ಗೊತ್ತಿಲ್ಲದವರ ಹಾಗೆ ಇರುವುದು ಹೇಗೆ?”

“ಕೋರ್ಸ ಮುಚ್ಚತಾರ್ರಿ. ನನ್ನ ಪೇಪರ್ ಹೋಗತದ.”

“ಹೌದು, ಹೋಗ್ತದೆ” ಎಂದರು. ಸಮಾಧಾನದ ಒಂದು ಮಾತನ್ನೂ ಸೇರಿಸಲಿಲ್ಲ. ಎದ್ದು ಮೇಡಂ ಕೋಣೆಗೆ ಹೋದರು.

ಮೇಡಂ ಎಲ್ಲ ಕೇಳಿ, “ಸಮಿತಿಗೆ ನೀವೇ ಹೇಳಿ” ಎಂದರಂತೆ. ಅವರು ಹೇಳಿದರು. ಐದು ಜನ ಕೂತ ಸಭೆಯಲ್ಲಿ, ತಪ್ಪು ಹೇಗಾಯಿತು ಎಂಬುದನ್ನು ಯಂತ್ರ ಓಡಿಸಿ ತೋರಿಸಿದರು. ತಪ್ಪು ನನ್ನ ಕೈಯದು, ಈ ಹುಡುಗಿಯ ಪ್ರೋಗ್ರಾಂ ತನಗೆ ಕೊಟ್ಟದ್ದನ್ನು ಪ್ರಾಮಾಣಿಕವಾಗಿ ಕಲಿತಿದೆ ಎಂದರು. ಸಮಿತಿಯ ಹಿರಿಯರೊಬ್ಬರು ನಕ್ಕರು. ಇನ್ನೊಬ್ಬರು, ಹಾಗಾದರೆ ಎರಡು ವರ್ಷ ಏನು ಮಾಡಿದಿರಿ ಎಂದರು. ಕೊನೆಗೆ ಒಂದು ವರ್ಷದ ಅವಧಿ ಕೊಟ್ಟು ಎದ್ದುಹೋದರು. ನಾನು ಹೈದರಾಬಾದಿಗೆ ಪತ್ರ ಬರೆದು ಲೇಖನ ಹಿಂದಕ್ಕೆ ಪಡೆದೆ.

ಮರುದಿನದಿಂದ ನಾನು ಲ್ಯಾಬಿಗೆ ಹೋಗಲಿಲ್ಲ. ಸೆಕ್ಟರ್ ಫೈವ್‌ನ ಒಂದು ಕಂಪನಿಯ ನೇಮಕಾತಿ ಪತ್ರ ಮನೆಯಲ್ಲಿತ್ತು. ಸಹಿ ಹಾಕಿ ಕಳಿಸುವುದಷ್ಟೇ ಬಾಕಿ. ನನ್ನ ಸಿಟ್ಟು ಕೆಲಸ ಕೆಟ್ಟದ್ದಕ್ಕಿಂತ ಅವರು ಅಷ್ಟು ಸರಾಗವಾಗಿ “ಹೋಗ್ತದೆ” ಎಂದದ್ದರ ಮೇಲಿತ್ತು.

ಹತ್ತನೇ ದಿನ, ಭಾನುವಾರ, ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಕಾಳಿಘಾಟಿನ ಉಡುಪಿ ಹೋಟೆಲಿನಿಂದ ಕಟ್ಟಿಸಿದ ಗೋಳಿಬಜೆ.

“ಬರ್ರಿ, ಬರ್ರಿ, ಕೂಡ್ರಿ” ಎಂದ ಅಪ್ಪ. ಅವ್ವ ಊಟಕ್ಕೆ ಎಬ್ಬಿಸಿ ಖಡಕ್ ರೊಟ್ಟಿ, ಎಣಗಾಯಿ ಬಡಿಸಿದಳು. ಕಾಕಾ ರೊಟ್ಟಿಯನ್ನು ಬೆರಳಲ್ಲಿ ತಟ್ಟಿ ನೋಡಿ, “ಇದು ನಮ್ಮ ಹಡಗಿನಲ್ಲಿ ಸಿಕ್ಕಿದ್ದರೆ ಪೈಪಿನ ಸಂದಿಗೆ ಗ್ಯಾಸ್ಕೆಟ್ ತರಿಸುವ ಕೆಲಸವೇ ಇರುತ್ತಿರಲಿಲ್ಲ ಅಕ್ಕ” ಎಂದರು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ನಗಲಿಲ್ಲ.

ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತು, ನಾನು ಕೇಳದೆಯೇ ಹೇಳಿದರು. ಅವರ ಹಡಗಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಒಬ್ಬ ಕೆಲಸಗಾರನಿದ್ದ, ಖಿದಿರ್‌ಪುರದವನೇ. ಇಂಜಿನ್ ಕೋಣೆಯ ಏಣಿ ಹತ್ತುವಾಗ ನಡುವೆ ನಿಂತುಬಿಡುತ್ತಿದ್ದ. ಕರೆದರೆ ತಡವಾಗಿ ಬರುತ್ತಿದ್ದ. “ನಾನು ಅವನನ್ನು ಸೋಮಾರಿ ಅಂತ ರಿಪೋರ್ಟು ಬರೆದೆ. ನನ್ನ ಕೈಯಿಂದಲೇ. ಕಂಪನಿಯವರು ಮತ್ತೆ ಅವನನ್ನು ಹಡಗು ಹತ್ತಿಸಲಿಲ್ಲ.” ಮುಂದಿನ ವರ್ಷ ರಜೆಗೆ ಬಂದಾಗ ಗೊತ್ತಾಯಿತು, ಅವನು ಸತ್ತಿದ್ದ. ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಕೀಲುಗಳೆಲ್ಲ ಬಾತು ಜ್ವರ ಬಂದಿತ್ತಂತೆ. ಆ ಜ್ವರ ಬಿಡುತ್ತದೆ, ಕೆಲವರಲ್ಲಿ ಹೃದಯದ ಕವಾಟವನ್ನು ಕೆಡಿಸಿ ಹೋಗುತ್ತದೆ. ಅದು ಯಾರಿಗೂ ಗೊತ್ತಾಗಿರಲಿಲ್ಲ.

“ಮೂರು ವರ್ಷ ಅವ ನನ್ನ ಪಕ್ಕದಲ್ಲಿ ನಿಂತಿದ್ದ. ಪಂಪು ಸ್ವಲ್ಪ ಕೆಮ್ಮಿದರೆ ನನಗೆ ಗೊತ್ತಾಗ್ತಿತ್ತು. ಅವನ ಉಸಿರು ಗೊತ್ತಾಗಲಿಲ್ಲ. ಒಂದು ತಪ್ಪು ರಿಪೋರ್ಟು ಬರೆದಾಗಿದೆ. ಇನ್ನೊಂದಕ್ಕೆ ಹೆಸರು ಹಾಕಲಿಕ್ಕೆ ಆಗಲಿಲ್ಲ. ನಿನಗೆ ನಷ್ಟ ಆಯಿತು, ಅದು ನನಗೆ ಗೊತ್ತುಂಟು.”



ಹೊರಡುವಾಗ, ಲ್ಯಾಬಿಗೆ ವಾಪಸು ಬಾ ಎಂದು ಅವರು ಹೇಳಲಿಲ್ಲ. “ಕೆಲಸಕ್ಕೆ ಸೇರುವುದಾದರೆ ಸೇರು. ಹೋಗುವ ಮೊದಲು ಆ ಪ್ರೋಗ್ರಾಂ ಬರೆಯುವುದು ಹೇಗೆ ಅಂತ ನನಗೆ ಕಲಿಸು. ಎರಡು ವಾರ ಸಾಕು” ಎಂದರು.

ಎರಡು ವಾರ ಯಾವ ಮೂಲೆಗೂ ಸಾಲಲಿಲ್ಲ. ಅವರು ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಕೀಬೋರ್ಡಿನಲ್ಲಿ ಹುಡುಕಿ ಒತ್ತುತ್ತಿದ್ದರು. ಒಂದು ಸಾಲು ಬರೆಯಲು ಒಂದು ಚಹಾ ಆರುವಷ್ಟು ಹೊತ್ತು. ಆದರೆ ಪ್ರತಿ ಸಾಲಿಗೂ “ಇದು ಎಂತಕ್ಕೆ?” ಎಂದು ಕೇಳುತ್ತಿದ್ದರು. ಹೇಳಲು ಹೊರಟಾಗ, ನನ್ನದೇ ಪ್ರೋಗ್ರಾಂನ ಅರ್ಧ ಸಾಲುಗಳು ಯಾಕಿವೆ ಎಂದು ನನಗೇ ತಿಳಿದಿಲ್ಲವೆಂದು ಗೊತ್ತಾಯಿತು. ಒಂದೊಂದನ್ನೇ ಕಿತ್ತು ಮತ್ತೆ ಬರೆಯತೊಡಗಿದೆ. ಕಂಪನಿಯ ಪತ್ರದ ಗಡುವು ಯಾವಾಗ ದಾಟಿತೋ ಗಮನಕ್ಕೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಮನವಿತ್ತು. ಆ ದಿನ ಬೆಳಿಗ್ಗೆ ಅಪ್ಪ, “ಇವತ್ತ ಕಡೀ ದಿನ ಅಲ್ಲೇನವಾ?” ಎಂದು ಕೇಳಿದ. ಹೌದು ಎಂದು ಹೇಳಿ ಲ್ಯಾಬಿಗೆ ಹೋದೆ.

ಪಂಪಿನ ಸದ್ದನ್ನು ದೂರ ಮಾಡಲು ಕಾಕಾ ಕಂಡುಹಿಡಿದ ಉಪಾಯ ಬಹಳ ಸರಳವಾಗಿತ್ತು. ಪಂಪನ್ನು ಪಕ್ಕದ ಕೋಣೆಗೆ ಸಾಗಿಸಿ, ಗೋಡೆಯಲ್ಲಿ ತೂತು ಕೊರೆದು ಕೊಳವೆ ತೂರಿಸಿದರು. ಅನುಮತಿ ಕೇಳಲಿಲ್ಲ. ಆಚೆ ಇದ್ದದ್ದು ಸಂಖ್ಯಾಶಾಸ್ತ್ರ ವಿಭಾಗದ ಉಗ್ರಾಣ. ಕಚೇರಿಯಿಂದ ನೋಟಿಸು ಬಂದಾಗ, ಗೋಡೆ ಕೊರೆಯಬಾರದೆಂದು ಯಾವ ಪುಟದಲ್ಲಿದೆ ಎಂದು ಕೇಳಿದರು. ಈ ಸಲ ಪುಟ ಇತ್ತು. ಮೇಡಂ ಹೋಗಿ ಕ್ಷಮೆ ಕೇಳಿ ಬಂದರು. ಆದರೆ ತೂತನ್ನು ಮುಚ್ಚಲು ಯಾರೂ ಬರಲಿಲ್ಲ.

ಹೊಸ ಫಲಿತಾಂಶಕ್ಕೆ ಹಳೆಯ ಹೊಳಪಿರಲಿಲ್ಲ. ಎಷ್ಟೋ ಸಲ ತಪ್ಪು ಹೇಳುತ್ತಿತ್ತು. ಆದರೆ ಸರಿ ಹೇಳಿದಾಗ ಕವಾಟವನ್ನು ಕೇಳಿಯೇ ಹೇಳುತ್ತಿತ್ತು. ವರ್ಷದ ಕೊನೆಗೆ ಸಮಿತಿಯವರು ಮತ್ತೆ ಬಂದರು. ಕಳೆದ ಸಲ ನಕ್ಕಿದ್ದ ಹಿರಿಯರು ಒಂದು ಗಂಟೆ ಪ್ರಶ್ನೆ ಕೇಳಿ, ಕೋರ್ಸು ಮುಂದುವರಿಯಲಿ ಎಂದು ಬರೆದರು. ಮುಂದಿನ ತಂಡದಲ್ಲಿ ಒಂಬತ್ತು ಜನ ಸೇರಿದರು. ಅವರಲ್ಲೊಬ್ಬ ಸೆಕ್ಟರ್ ಫೈವ್‌ನ ಕೆಲಸ ಬಿಟ್ಟು ಬಂದವನು.

ಆ ವರ್ಷದಿಂದಲೇ ಕಾಕಾ ಮತ್ತು ಡಾಕ್ಟರು ಶನಿವಾರಗಳಂದು ಖಿದಿರ್‌ಪುರದ ಶಾಲೆಗಳಿಗೆ ಹೋಗತೊಡಗಿದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎದೆ ಕೇಳುವ ಕೆಲಸ. ಒಮ್ಮೊಮ್ಮೆ ನನ್ನನ್ನೂ ಎಳೆದೊಯ್ಯುತ್ತಿದ್ದರು. ಫ್ಯಾನಿನ ಸದ್ದನ್ನು ದಾಟಿ ಕೇಳುವುದನ್ನು ನಾನು ಕಲಿತದ್ದು ಅಲ್ಲಿ. ಅನುಮಾನ ಬಂದ ಮಗುವನ್ನು ಡಾಕ್ಟರು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹೆಚ್ಚಿನವರಿಗೆ ಏನೂ ಇರುತ್ತಿರಲಿಲ್ಲ. ಕೆಲವರಿಗೆ ಇತ್ತು. ಅವರಿಗೆ ಆ ಕೀಲುಜ್ವರ ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಂದು ಚುಚ್ಚುಮದ್ದು, ವರ್ಷಗಟ್ಟಲೆ. ತಪ್ಪಿಸಿಕೊಂಡ ಮಗುವಿನ ಮನೆಗೆ ಕಾಕಾ ತಾವೇ ಹೋಗಿ ಬಾಗಿಲು ಬಡಿಯುತ್ತಿದ್ದರು.

ಅರವತ್ತರ ಹೊಸ್ತಿಲಲ್ಲಿ ಅವರಿಗೆ ಡಾಕ್ಟರೇಟ್ ಬಂತು. ಮನೆಯ ಬೋರ್ಡಿನಲ್ಲಿ ‘ಡಾ.’ ಹಾಕಿಸಲು ಮಾತ್ರ ಒಪ್ಪಲಿಲ್ಲ. ಯಾರಾದರೂ ಜ್ವರ ಎಂದು ಬಂದರೆ ಎಂತ ಮಾಡುವುದು ಎಂದು ಹೆಂಡತಿಯನ್ನು ಕೇಳಿದರಂತೆ. ಬೋರ್ಡಿಲ್ಲದಿದ್ದರೂ ಜನ ಬರುತ್ತಲೇ ಇದ್ದರು.

ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಮೀನು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಮೆದುಳಿನ ರಕ್ತಸ್ರಾವ. ಹೃದಯ ಕೊನೆಯ ತನಕ ಚೆನ್ನಾಗಿತ್ತು ಎಂದು ಡಾಕ್ಟರು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟ.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಅವರ ಮನೆಗೆ ಹೋಗಿದ್ದೆ. ಕಾಕಾರ ಹೆಂಡತಿ ನನಗೆ ನೀರುದೋಸೆ ಹಾಕಿಕೊಟ್ಟು, “ತಿನ್ನು ಮಗಾ, ಅವರು ಇದ್ದಿದ್ದರೆ ಎಂಟು ತಿನ್ನಿಸ್ತಿದ್ದರು” ಎನ್ನುತ್ತಿದ್ದರು. ಬಾಗಿಲು ಬಡಿದ ಸದ್ದಾಯಿತು. ಊರಿಗೆ ಹೋಗಿ ಅಂದೇ ಬಂದಿದ್ದ ಕೆಳಗಿನ ಗಲ್ಲಿಯ ಹೆಂಗಸು, ಜೊತೆಗೆ ಏಳೆಂಟು ವರ್ಷದ ಮಗಳು. ಅವಳಿಗೆ ಸುದ್ದಿ ಗೊತ್ತಿರಲಿಲ್ಲ. ಮಗುವಿಗೆ ವಾರದಿಂದ ಗಂಟಲುನೋವು, ಕಾಕು ಒಮ್ಮೆ ಎದೆ ಕೇಳಲಿ ಎಂದು ಬಂದಿದ್ದಳು. ವಿಷಯ ತಿಳಿದು ಬಾಗಿಲಲ್ಲೇ ಕೂತು ಅತ್ತಳು. ಮಗು ಅಮ್ಮನನ್ನೂ ನಮ್ಮನ್ನೂ ನೋಡುತ್ತ ನಿಂತಿತು.

ಕಾಕಾರ ಹೆಂಡತಿ ಒಳಗಿನಿಂದ ಸ್ಟೆತಸ್ಕೋಪ್ ತಂದು ನನ್ನ ಕೈಯಲ್ಲಿಟ್ಟರು. “ನಾ ಡಾಕ್ಟರ್ ಅಲ್ರೀ ಚಿಗವ್ವಾ” ಎಂದೆ. “ಅವರೂ ಅಲ್ಲ” ಎಂದರು.

ಮಗುವನ್ನು ಕಿಟಕಿಯ ಬಳಿ ಕೂರಿಸಿ ಕೇಳಿದೆ. ಲಬ್ ಡಬ್, ಸ್ವಚ್ಛವಾಗಿತ್ತು. ಗಂಟಲಿಗೆ ಔಷಧ ಬೇಕೇಬೇಕು, ಬಿಡಬಾರದು, ಇವತ್ತೇ ತೋರಿಸಿ ಎಂದು ಹೇಳಿ ಡಾಕ್ಟರ ನಂಬರು ಬರೆದುಕೊಟ್ಟೆ. ಎದೆ ಸರಿಯಿದೆ ಎಂದೆ. ತಾಯಿ ಚೀಟಿ ಹಿಡಿದುಕೊಂಡಳು, ಏಳಲಿಲ್ಲ.

“ಕಾಕು ಇನ್ನೂ ತುಂಬ ಹೊತ್ತು ಕೇಳುತ್ತಿದ್ದರು” ಎಂದಳು, ಹಿಂದಿಯಲ್ಲಿ, ಸಂಕೋಚದಿಂದ.

ನಾನು ಮತ್ತೆ ಕುಳಿತೆ. ಫ್ಯಾನು ಆರಿಸಲು ಹೇಳಿ, ಕಣ್ಣು ಮುಚ್ಚಿ, ಮೊದಲಿನಿಂದ ಕೇಳತೊಡಗಿದೆ.